ಗಿರಣಿ ದಾರಿಗೆ ಇಂಟು ಮಾರ್ಕು

ಮಾರ್ಚ್ 6, ಗುರುವಾರ

ಪೇಂಟ್ ಡಬ್ಬಿಯ ಮುಚ್ಚಳ ಮತ್ತೆ ಅಂಟಿಕೊಂಡಿತ್ತು. ಸ್ಕ್ರೂಡ್ರೈವರ್ ಹಾಕಿ ಎಬ್ಬಿಸುವಾಗ ಹೆಬ್ಬೆರಳು ಕುಯ್ದುಕೊಂಡೆ. ಆದರೂ ಚರ್ಚಿನಿಂದ ಹಳೇ ಕಲ್ಲುಸೇತುವೆಯವರೆಗಿನ ನಡಿಗೆ ದಾರಿಯ ಹಳದಿ ಗುರುತೆಲ್ಲ ಬಳಿದು ಮುಗಿಸಿದೆ. ನೇರ ಪಟ್ಟೆ ಅಂದರೆ ಸರಿಯಾದ ದಾರಿ. ಇಂಟು ಮಾರ್ಕು ಅಂದರೆ ಈ ಕಡೆ ಬರಬೇಡಿ. ಮಗುವಿಗೂ ಅರ್ಥವಾಗುತ್ತದೆ. ಪ್ಯಾರಿಸ್‌ನವರು ಮಾತ್ರ ಪ್ರತಿ ಬೇಸಿಗೆ ಯಾರದೋ ಕೋಳಿಗೂಡಿಗೆ ನುಗ್ಗುತ್ತಾರೆ.

ನದಿ ಉಕ್ಕಿದೆ. ಗಿರಣಿಗೆ ಹೋಗುವ ದಾರಿಯಲ್ಲಿ ಮೊಣಕಾಲುದ್ದ ನೀರು. ನಡಿಗೆ ಸಂಘದ ಅಧ್ಯಕ್ಷ ಝೊಯೆಲ್ ಫೋನ್ ಮಾಡಿದ.

"ಝಿಲ್ಬೆರ್ತ್ ಮೇಡಂ, ಕವಲಲ್ಲಿ ಒಂದು ಇಂಟು ಎಳೆದ್ಬಿಡಿ. ಜನಾನ ಮೇಲ್ಗಡೆ, ಬಟ್ಟೆ ಒಗೆಯೋ ಕಟ್ಟೆ ಕಡೆಯಿಂದ ಕಳ್ಸಿ. ನೀರಿಳಿದ ಮೇಲೆ ಕೆರೆದು ಹಾಕಿದ್ರಾಯ್ತು."

ಎಳೆದೆ. ಕಬ್ಬಿಣದ ಶಿಲುಬೆಯ ಪಕ್ಕದ ಓಕ್ ಮರಕ್ಕೆ. ಅಲ್ಲಿಂದ ಗಿರಣಿಯ ಮಾಡು ಕಾಣುತ್ತದೆ. ಗಿರಣಿಯಲ್ಲಿ ಈಗ ಹಿಟ್ಟು ಬೀಸುವುದಿಲ್ಲ, ನನ್ನ ತಂಗಿ ಸೊಲಾಂಜ್ ಕೆಫೆ ನಡೆಸುತ್ತಾಳೆ. ನಡೆದು ದಣಿದು ಬಂದವರೇ ಅವಳ ಗಿರಾಕಿಗಳು. ಅಮ್ಮನೂ ಅಲ್ಲೇ ಇದ್ದಾಳೆ.

ಮಾರ್ಚ್ 23, ಭಾನುವಾರ

ನೀರು ಇಳಿದಿದೆ. ಕೆರೆಯಬೇಕು. ಮೊಣಕಾಲು ನೋವು... ನಾಳೆ ನೋಡೋಣ.

ಏಪ್ರಿಲ್ 8, ಮಂಗಳವಾರ

ತಂತಿ ಬ್ರಶ್ ಹಿಡಿದು ಹೋದೆ. ಕೆರೆಯಲೆಂದೇ ಹೋದದ್ದು, ಸುಳ್ಳಲ್ಲ. ಇಳಿಜಾರಿನ ಓಣಿಯಲ್ಲಿ ಎರಡೂ ಕಡೆ ಪ್ರಿಮ್‌ರೋಸ್ ಹೂ ಬಿಟ್ಟಿದೆ, ಕೆಸರು ಒಣಗಿದೆ, ಕೋಗಿಲೆ ಕೂಡ ಕೂಗಿತು. ಮನಸ್ಸು ಹಗುರಾಗಿತ್ತು.

ಕವಲಲ್ಲಿ ಸೊಲಾಂಜ್‌ಳ ಹೊಸ ಬೋರ್ಡು. 'ಅಮ್ಮ ಲಿಯೊಂತಿನ್ ಕಲಿಸಿದ ತೂರ್ತೋ'. ಆಡಿನ ಚೀಸಿನ ಆ ಕೇಕನ್ನು, ಮೇಲೆ ಕರಕಲಾಗಿ ಒಳಗೆ ಹತ್ತಿಯಾಗಿ ಬರುವ ಹಾಗೆ ಸುಡುವುದನ್ನು ಅವಳಿಗೆ ಕಲಿಸಿದವಳು ನಾನು. ಅಮ್ಮ ಒಲೆಯ ಹತ್ತಿರ ಹೋದವಳೇ ಅಲ್ಲ.

ಆಸ್ತಿ ಪಾಲಾದ ದಿನ ನೋಟರಿಯ ಎದುರಿಗೆ ಅಮ್ಮ ಅಂದ ಮಾತು ಇನ್ನೂ ಕಿವಿಯಲ್ಲಿದೆ. "ಊರೊಳಗಿನ ಮನೆ ಝಿಲ್ಬೆರ್ತ್‌ಗೆ, ಗಿರಣಿ ಸೊಲಾಂಜ್‌ಗೆ. ನಾನು ಸೊಲಾಂಜ್ ಜೊತೆ ಇರ್ತೀನಿ. ಇವಳ ಮುಖ ನೋಡ್ಕೊಂಡು ಊಟಕ್ಕೆ ಕೂತ್ರೆ ಹಾಲು ಒಡೆಯುತ್ತೆ." ನೋಟರಿ ನಕ್ಕ. ಸೊಲಾಂಜ್ ತಲೆ ತಗ್ಗಿಸಿಕೊಂಡಳು, ನಗು ಮುಚ್ಚಿಡುವುದಕ್ಕೆ ಅಂತ ಆವತ್ತೂ ಅನ್ನಿಸಿತ್ತು, ಇವತ್ತೂ ಅನ್ನಿಸುತ್ತದೆ. ನನ್ನ ಮನೆಗೆ ಚರ್ಚಿನ ನೆರಳು, ವರ್ಷವಿಡೀ ಬಿಸಿಲಿಲ್ಲ. ಅದಿರಲಿ. ಮನೆಯ ಮಾತಲ್ಲ. ಅಮ್ಮ ನನ್ನ ಜೊತೆ ಇರಲು ಒಪ್ಪಲಿಲ್ಲವಲ್ಲ.

ಬ್ರಶ್ ಚೀಲಕ್ಕೆ ಹಾಕಿ ಪೇಂಟ್ ತೆಗೆದೆ. ಇಂಟು ಮಾರ್ಕಿನ ಮೇಲೆ ಇನ್ನೊಂದು ಕೋಟು. ಎರಡು ಹೆಜ್ಜೆ ಹಿಂದೆ ಸರಿದು ನೋಡಿದೆ. ನೀಟಾಗಿ ಬಂದಿತ್ತು. ಬೋರ್ಡನ್ನೂ ಕಿತ್ತು ಬೇಲಿಯ ಆಚೆ ಎಸೆದೆ, ಗಾಳಿಗೆ ಬಿದ್ದ ಹಾಗೆ. ಮನೆಗೆ ಬಂದು ಎರಡು ಲೋಟ ವೈನ್ ಕುಡಿದೆ. ಖುಷಿಯಾಗಿದೆ, ಬರೆಯಲು ನಾಚಿಕೆ ಏನು.

ಮೇ 1, ಗುರುವಾರ

ಬಿಳಿ ಗಂಟೆಹೂವಿನ ಎರಡು ಕಡ್ಡಿ ಕಿತ್ತುಕೊಂಡು ಗಿರಣಿಗೆ ಹೋದೆ. ಮೇ ಒಂದಕ್ಕೆ ಬರಿಗೈಲಿ ಹೋಗುವ ಹಾಗಿಲ್ಲ. ಅಮ್ಮ ಕಿಟಕಿಯ ಪಕ್ಕ ಕೂತಿದ್ದಳು.

"ಬಂದ್ಲು ನೋಡು, ಹೂವ ಬೇರೆ. ನಾನು ಸತ್ತೆ ಅಂತ ಯಾರಾದ್ರೂ ಹೇಳಿದ್ರೇನೇ?"

"ಇಲ್ಲಮ್ಮ. ನೋಡ್ಕೊಂಡು ಹೋಗೋಣ ಅಂತ."

"ನೋಡ್ದೆಯಲ್ಲ. ಬಾಗ್ಲು ಹಾಕ್ಕೊಂಡ್ ಹೋಗು, ಗಾಳಿ ಬರುತ್ತೆ."

ಹೊರಗೆ ಕುರ್ಚಿಗಳೆಲ್ಲ ಖಾಲಿ. ಸೊಲಾಂಜ್ ಮೇಜು ಒರೆಸುತ್ತಿದ್ದಳು, ಒರೆಸಿದ್ದನ್ನೇ ಮತ್ತೆ.

"ಅಕ್ಕಾ, ಈ ವರ್ಷ ಯಾಕೋ ಜನಾನೇ ಇಲ್ಲ. ಹೋದ್ಸಲ ಈ ಹೊತ್ತಿಗೆ ಕೂರೋಕೆ ಜಾಗ ಸಾಲ್ತಿರ್ಲಿಲ್ಲ."

"ಎಲ್ರೂ ಸಮುದ್ರದ ಕಡೆ ಹೋಗ್ತಿದಾರೆ ಕಣೇ. ನಡಿಯೋ ಕಾಲ ಹೋಯ್ತು."

"ತೂರ್ತೋ ಕೆಟ್ಟಿದ್ಯಾ? ನಿಜ ಹೇಳು. ನಿನ್ನಷ್ಟು ಗೊತ್ತಿರೋರು ಯಾರಿದಾರೆ."

ಒಂದು ತುಂಡು ತಿಂದೆ. ಬಾಯಲ್ಲಿಟ್ಟರೆ ಕರಗಿತು. ನನಗಿಂತ ಚೆನ್ನಾಗಿ ಮಾಡುತ್ತಾಳೆ ಈಗ.

"ಸ್ವಲ್ಪ ಒಣಗಿದೆ. ಮೊಟ್ಟೆ ಜಾಸ್ತಿ ಆಯ್ತೇನೋ."

ಅವಳು ಉಳಿದದ್ದನ್ನೆಲ್ಲ ತಟ್ಟೆ ಸಮೇತ ತಗೊಂಡು ಹೋಗಿ ಬಾತುಕೋಳಿಗಳಿಗೆ ಸುರಿದಳು. ಕಿಟಕಿಯಲ್ಲಿ ಅಮ್ಮ ನನ್ನನ್ನೇ ನೋಡಿ ನಕ್ಕ ಹಾಗಾಯಿತು. ಅಮ್ಮ ನನ್ನನ್ನು ನೋಡಿ ನಗುವವಳಲ್ಲ.

ಮೇ 29, ಗುರುವಾರ

ಅಸೆನ್ಶನ್ ಹಬ್ಬದ ರಜೆ. ನಾಲ್ಕು ದಿನ ಊರು ತುಂಬ ಬೂಟುಗಳು. ಕವಲಲ್ಲಿ ಕೂತು ಇಂಟು ಮಾರ್ಕಿಗೆ ಹೊಸ ಕೋಟು ಕೊಡುತ್ತಿದ್ದೆ. ನಾಂತ್‌ನ ಗಂಡ ಹೆಂಡತಿ ಬಂದರು. ಹೆಂಡತಿಯ ಕೈಯಲ್ಲಿ ಹಳೇ ನಕ್ಷೆ.

"ಇದ್ರಲ್ಲಿ ಎಡಕ್ಕೆ ಅಂತಿದೆ. ಗಿರಣಿ, ಕೆಫೆ ಅಂತಾನೂ ಬರೆದಿದೆ."

"ನಕ್ಷೆ ಹಳೇದು ಮೇಡಂ. ಗುರುತು ನೋಡ್ಕೊಂಡು ನಡೀರಿ. ಅದಕ್ಕೇ ಅಲ್ವಾ ಬಳಿಯೋದು."

"ನಾನು ಹೇಳ್ಲಿಲ್ವಾ" ಅಂದ ಗಂಡ. ಮೇಲಕ್ಕೆ ಹೋದರು. ಗಿರಣಿಯ ಹೊಗೆ ಕಣ್ಣೆದುರಿಗೇ ಇತ್ತು, ಆಕೆ ಅದನ್ನು ನೋಡಿದಳು ಕೂಡ. ಆದರೂ ಮರದ ಮೇಲಿನ ಹಳದಿಯನ್ನೇ ನಂಬಿದಳು. ನಡಿಗೆಯವರೆಲ್ಲ ಹೀಗೇ. ನಾನೂ ಹೀಗೇ.

ಜುಲೈ 14, ಸೋಮವಾರ

ರಾಷ್ಟ್ರೀಯ ಹಬ್ಬ. ಕೋಟೆ ಬಯಲಲ್ಲಿ ಪಟಾಕಿ, ಕುಣಿತ. ಸೊಲಾಂಜ್ ಬರಲಿಲ್ಲ. ಕುರ್ಚಿ ಮಾರಿದಳಂತೆ.

ಆಗಸ್ಟ್ 22, ಶುಕ್ರವಾರ

ಝೊಯೆಲ್ ಮನೆಗೇ ಬಂದ. ಕೈಯಲ್ಲಿ ಹೊಸ ನಕ್ಷೆಯ ಕಟ್ಟು, ಶಾಯಿ ವಾಸನೆ ಇನ್ನೂ ಹೋಗಿಲ್ಲ.

"ನಿಮ್ ದಾರೀನೇ ಪ್ರಿಂಟ್ ಹಾಕ್ಸಿದೀನಿ ನೋಡಿ. ಮೇಲಿಂದ ಚರ್ಚಿನ ಗೋಪುರ, ಕೋಟೆ ಗೋಡೆ ಎರಡೂ ಒಟ್ಟಿಗೆ ಕಾಣುತ್ತೆ ಅಂತ ಜನ ಹೊಗಳ್ತಿದಾರೆ."

"ಗಿರಣಿ?"

"ಗಿರಣಿ ದಾರಿ ಮುಚ್ಚಿದ್ಯಲ್ಲ. ಹೋದ ವಾರ ನೋಡ್ದೆ, ಇಂಟು ಮಾರ್ಕು ಹೊಳೀತಿತ್ತು. ದಂಡೆ ಕುಸಿದಿರ್ಬೇಕು, ಮೇಡಂ ಸುಮ್ಸುಮ್ನೆ ಹಾಕೋರಲ್ಲ ಅಂದ್ಕೊಂಡೆ. ಕುಸಿದಿದ್ಯಾ?"

ಆಗ ಹೇಳಬಹುದಿತ್ತು. ಮರೆತೆ ಅಂದಿದ್ದರೂ ಸಾಕಾಗಿತ್ತು, ಇಬ್ಬರೂ ನಕ್ಕು ಬಿಡುತ್ತಿದ್ದೆವು.

"ಕುಸಿದಿದೆ" ಅಂದೆ.

ಅವನು ಹೋದ ಮೇಲೆ ನಕ್ಷೆ ಬಿಡಿಸಿದೆ. ನದಿ ಇದೆ, ಸೇತುವೆ ಇದೆ. ಗಿರಣಿ ಇದ್ದ ಕಡೆ ಹಸಿರು ಬಣ್ಣ. ಇನ್ನು ಮರವನ್ನೇ ಕಡಿದರೂ ಯಾರೂ ಆ ಕಡೆ ತಿರುಗುವುದಿಲ್ಲ. ಇಷ್ಟು ಬೇಕಿರಲಿಲ್ಲ ನನಗೆ. ಬೇಕಿತ್ತೋ ಏನೋ.

ಸೆಪ್ಟೆಂಬರ್ 19, ಶುಕ್ರವಾರ

ಸೊಲಾಂಜ್ ಬಂದಿದ್ದಳು. ಕೋಟು ಬಿಚ್ಚದೆ ಅಡುಗೆಮನೆಯಲ್ಲಿ ನಿಂತಳು.

"ಮುಚ್ಚಿದೆ ಅಕ್ಕ. ನಿಯೋರ್‌ನಲ್ಲಿ ಒಂದು ಸ್ಕೂಲಿನ ಅಡುಗೆಮನೇಲಿ ಕೆಲಸ ಸಿಕ್ಕಿದೆ. ಬೆಳಗ್ಗೆ ಕತ್ತಲಲ್ಲೇ ಹೊರಡ್ಬೇಕು. ಅಮ್ಮನ್ನ ಒಬ್ಬಳೇ ಬಿಡೋಕಾಗಲ್ಲ. ವೃದ್ಧಾಶ್ರಮ ಅಂದ್ರೆ ತಟ್ಟೆ ಎಸೆದ್ಲು."

ಕಾಫಿಗೆ ನೀರಿಡಲು ತಿರುಗಿದೆ. ಅವಳ ಬಾಯಿಂದಲೇ ಬರಲಿ ಅಂತ.

"ನೀನು ಇಟ್ಕೋತೀಯಾ?"

"ಅವಳು ಒಪ್ಪಿದ್ರೆ."

"ಒಪ್ಪಿದಾಳೆ."

ಸೊಲಾಂಜ್ ನನ್ನನ್ನು ತಬ್ಬಿಕೊಂಡು ಅತ್ತಳು. ನಾನು ಅವಳ ಬೆನ್ನು ಸವರುತ್ತ ಯಾವ ಕೋಣೆ, ಯಾವ ಪರದೆ ಅಂತ ಯೋಚಿಸುತ್ತಿದ್ದೆ. ಒಪ್ಪಿದಾಳೆ ಅಂದಳಲ್ಲ.

ಅಕ್ಟೋಬರ್ 4, ಶನಿವಾರ

ಅಮ್ಮ ಬಂದಳು. ಹಳದಿ ಪರದೆ ನೋಡಿ ಮೂಗು ಮುರಿದಳು. ಸೂಪು ತಂದಿಟ್ಟೆ. ಎರಡು ಚಮಚ ಕುಡಿದು ಕೇಳಿದಳು.

"ಆ ಮರಕ್ಕೆ ಎಷ್ಟು ಸಲ ಬಣ್ಣ ಬಳಿದೆ?"

ನಾನು ಬ್ರೆಡ್ ಬುಟ್ಟಿ ಅವಳ ಕಡೆ ಸರಿಸಿದೆ.

"ಗಿರಣಿಯ ಮಹಡಿ ಕಿಟಕಿಯಿಂದ ಎಲ್ಲಾ ಕಾಣುತ್ತೆ ಕಣೇ. ಹಿಂದೆ ಸರಿದು ತಲೆ ವಾಲ್ಸಿ ನೋಡ್ದೆಯಲ್ಲ, ಚೆನ್ನಾಗ್ ಬಂದಿದ್ಯಾ ಅಂತ, ಅದೂ ಕಾಣ್ತು."

"ಸೊಲಾಂಜ್‌ಗೆ ಯಾಕೆ ಹೇಳ್ಲಿಲ್ಲ?"

"ಎಲ್ಲೀವರ್ಗೂ ಹೋಗ್ತೀಯ ನೋಡೋಣ ಅಂತ. ಅರ್ಧಕ್ಕೇ ಕೈ ಬಿಡ್ತೀಯ ಅಂದ್ಕೊಂಡಿದ್ದೆ, ನಿಮ್ಮಪ್ಪನ ಥರ. ಬಿಡ್ಲಿಲ್ಲ ನೀನು." ನನ್ನ ಕೆನ್ನೆ ತಟ್ಟಿದಳು. "ಅವಳು ಪೂರ್ತಿ ನಿಮ್ಮಪ್ಪ. ನೀನು ನನ್ ಮಗಳು."

ಹುಟ್ಟಿದಾಗಿಂದ ಈ ಮಾತಿಗೆ ಕಾದಿದ್ದೆ. ಅಡುಗೆಮನೆಗೆ ಹೋಗಿ, ನಲ್ಲಿ ಬಿಟ್ಟುಕೊಂಡು ಅತ್ತೆ. ಸಂತೋಷಕ್ಕೋ ಹೇಸಿಗೆಗೋ ತಿಳಿಯಲಿಲ್ಲ.

ಅಕ್ಟೋಬರ್ 12, ಭಾನುವಾರ

ಸೊಲಾಂಜ್ ಊಟಕ್ಕೆ ಬಂದಿದ್ದಳು. ಮೊಲದ ಸಾರು ಮಾಡಿದ್ದೆ. ಬಡಿಸುತ್ತಿದ್ದಾಗ ಅಮ್ಮ ಶುರು ಮಾಡಿದಳು.

"ಸೊಲಾಂಜ್, ಒಂದು ಕಥೆ ಹೇಳ್ಲಾ? ಒಂದು ಓಕ್ ಮರದ್ದು."

ಸೌಟು ಕೈಜಾರಿ ಮೇಜಿನ ಮೇಲೆಲ್ಲ ಸಾರು.

"ಬೇಡ ಬಿಡು, ಇನ್ನೊಂದ್ಸಲ ಹೇಳ್ತೀನಿ. ಝಿಲ್ಬೆರ್ತ್, ನಿನ್ ಬೆಕ್ಕು ಕಂಡ್ರೆ ನಂಗಾಗಲ್ಲ. ನಾಳೆ ಯಾರಿಗಾದ್ರೂ ಕೊಟ್ಬಿಡು."

ಅಕ್ಟೋಬರ್ 13

ಬೆಕ್ಕನ್ನು ಝೊಯೆಲ್‌ಗೆ ಕೊಟ್ಟೆ. ಬುಟ್ಟಿಯೊಳಗಿಂದ ನನ್ನನ್ನೇ ನೋಡುತ್ತಿತ್ತು.

ಅಕ್ಟೋಬರ್ 25, ಶನಿವಾರ

ಚೆಸ್ಟ್‌ನಟ್ ಕಾಯಿ ಉದುರುತ್ತಿವೆ. ಓಣಿಗಳ ತುಂಬ ಕಂದು ಎಲೆ, ಅಣಬೆ ವಾಸನೆ. ಕಿಟಕಿಯಿಂದ ವಾಸನೆ ಮಾತ್ರ. ನಾನು ಬೂಟು ಹಾಕಿಕೊಂಡರೆ ಸಾಕು, ಅಮ್ಮ ಕೇಳುತ್ತಾಳೆ. "ನಾನು ಕೂತಿರ್ಬೇಕಾದ್ರೆ ನೀನು ಅಲೆಯೋಕೆ ಹೋಗ್ತೀಯಾ? ಹೋಗು. ಸೊಲಾಂಜ್‌ಗೆ ಫೋನ್ ಮಾಡ್ಕೋತೀನಿ, ಹೊತ್ತು ಹೋಗುತ್ತೆ." ಬೂಟು ಬಿಚ್ಚುತ್ತೇನೆ.

ಸಂಘಕ್ಕೆ ರಾಜೀನಾಮೆ ಕೊಟ್ಟೆ. ಊರಲ್ಲಿ ಎಲ್ಲರೂ ನನ್ನನ್ನು ಹೊಗಳುತ್ತಿದ್ದಾರೆ. ಇಂಥ ಮಗಳು ಯಾರಿಗಿದ್ದಾಳೆ ಅಂತ.

ನವೆಂಬರ್ 1, ಶನಿವಾರ

ಅಪ್ಪನ ಸಮಾಧಿಗೆ ಸೇವಂತಿಗೆ ಕುಂಡ ಇಟ್ಟು ಬಂದೆವು. ಸೊಲಾಂಜ್ ತೆಳ್ಳಗಾಗಿದ್ದಾಳೆ, ಆದರೆ ತುಟಿಗೆ ಬಣ್ಣ ಹಚ್ಚಿದ್ದಳು. ಸಮಾಧಿಯ ಮುಂದೆಯೇ ಅಮ್ಮ ನನ್ನ ತೋಳು ಚಿವುಟಿ ಪಿಸುಗುಟ್ಟಿದಳು. "ಈಗ ಹೇಳ್ಲಾ? ನಿಮ್ಮಪ್ಪನ ಮುಂದೇನೇ?" ಅವಳ ಕಣ್ಣಲ್ಲಿ ಎಂಥಾ ಲವಲವಿಕೆ.

ನಾನೇ ಹೇಳಿಬಿಡುತ್ತೇನೆ. ಸೊಲಾಂಜ್ ಉಗಿದರೆ ಉಗಿಯಲಿ, ಮತ್ತೆಂದೂ ಮುಖ ನೋಡದಿದ್ದರೂ ಸರಿ. ಆಮೇಲೆ ಅಮ್ಮನ ಕೈಯಲ್ಲಿ ಏನೂ ಉಳಿಯುವುದಿಲ್ಲ. ಬೂಟು ಹಾಕಿಕೊಂಡು ನಡೆದುಬಿಡುತ್ತೇನೆ, ಕತ್ತಲಾಗುವ ತನಕ.

ನವೆಂಬರ್ 9, ಭಾನುವಾರ, ಮಧ್ಯಾಹ್ನ

ಊಟ ಆಯಿತು. ಅಮ್ಮ ಮಲಗಲು ಹೋದಳು. ಪಾತ್ರೆ ತೊಳೆಯುತ್ತ ಹೇಳಿದೆ. ಸೊಲಾಂಜ್‌ಳ ಕಡೆ ನೋಡದೆ, ಒಂದೇ ಉಸಿರಿಗೆ. ಪ್ರವಾಹ, ಇಂಟು ಮಾರ್ಕು, ಬೋರ್ಡು, ನಕ್ಷೆ. ತೂರ್ತೋ ಒಣಗಿರಲಿಲ್ಲ ಅಂತಲೂ.

ಅವಳು ತಟ್ಟೆ ಒರೆಸುವುದನ್ನು ನಿಲ್ಲಿಸಲಿಲ್ಲ.

"ಗೊತ್ತು ಅಕ್ಕ."

"ಅಮ್ಮ ಹೇಳಿದ್ಲಾ?"

"ಅಮ್ಮಂಗೆ ಗೊತ್ತಾ? ಅದು ಗೊತ್ತಿರ್ಲಿಲ್ಲ." ನಕ್ಕಳು. "ಜೂನ್‌ನಲ್ಲಿ ಅವಳು ಮಲಗಿದ್ದಾಗ ಕವಲವರ್ಗೂ ಹೋಗಿದ್ದೆ. ಹಳದಿ ಫಳಫಳ ಅಂತಿತ್ತು. ನೀನೇ ಅಂತ ಆಗ್ಲೇ ಗೊತ್ತಾಯ್ತು, ಆ ಗೆರೆ ಅಷ್ಟು ನೇರ ಇನ್ಯಾರು ಎಳೀತಾರೆ. ಮನೆಗ್ ಬಂದು ತಂತಿ ಬ್ರಶ್ ಹುಡುಕಿ ತೆಗೆದೆ. ಅಷ್ಟರಲ್ಲಿ ಅಮ್ಮ ಎದ್ದು ಕೂಗಿದ್ಲು. ಕಾಫಿ ತಣ್ಣಗಿದೆ, ನಾಯಿನೂ ಕುಡಿಯಲ್ಲ, ನಿನ್ನ ಹೆತ್ತಿದ್ದೇ ತಪ್ಪು ಅಂತ. ಬ್ರಶ್ ವಾಪಸ್ ಇಟ್ಬಿಟ್ಟೆ."

"ಯಾಕೆ?"

"ಕೆಫೆ ಮುಚ್ಚಿದ್ರೆ ನಾನು ಹೊರಗೆ ದುಡಿಯೋಕ್ ಹೋಗ್ಬೇಕು. ನಾನು ಹೋದ್ರೆ ಅವಳು ನಿನ್ ಹತ್ರ ಬರ್ಬೇಕು. ಸುಮ್ನಿದ್ರೆ ಸಾಕಿತ್ತು." ಕೊನೆಯ ತಟ್ಟೆಯನ್ನು ಕಪಾಟಿಗೆ ಇಟ್ಟಳು. "ಕೆಫೆಗೆ ಅತ್ತಿದ್ದು ನಿಜ ಅಕ್ಕ, ನಾಟಕ ಅಲ್ಲ. ಆದ್ರೆ ನಿಂಗೆ ಅವಳು ಬೇಕಿದ್ಲು. ನಂಗೆ ಅವಳ ಧ್ವನಿ ಕೇಳಿದ್ರೆ ವಾಂತಿ ಬರ್ತಿತ್ತು."

ಕೋಟು ಹಾಕಿಕೊಂಡಳು. ಗಿರಣಿ ಮಾರುತ್ತಾಳಂತೆ. ನಿಯೋರ್‌ನಲ್ಲಿ ಮನೆ ನೋಡಿದ್ದಾಳಂತೆ, ಮುಂದಿನ ಭಾನುವಾರದಿಂದ ಬರುವುದಿಲ್ಲವಂತೆ. ಎರಡೂ ಕೆನ್ನೆಗೆ ಮುತ್ತು ಕೊಟ್ಟಳು. ಕೆನ್ನೆ ಬೆಚ್ಚಗಿತ್ತು. ಬೀದಿಯಲ್ಲಿ ಅವಳ ಹೆಜ್ಜೆ ಕೇಳಿದೆ, ಹುಡುಗಿಯ ಹಾಗೆ ಬೇಗ ಬೇಗ ಹೋದಳು.

ಬೂಟು ಬಾಗಿಲ ಹತ್ತಿರವೇ ಇದೆ. ಹಾಕಿಕೊಳ್ಳಲಿಲ್ಲ. ಮೇಜಿಗೆ ಕೂತು ಇದನ್ನು ಬರೆಯುತ್ತಿದ್ದೇನೆ.

ಅಮ್ಮ ಎದ್ದಳು. ಕೂಗುತ್ತಿದ್ದಾಳೆ.

"ಝಿಲ್ಬೆರ್ತ್, ಸೊಲಾಂಜ್ ಹೋದ್ಲಾ? ಅತ್ಲಾ ಹೋಗ್ಬೇಕಾದ್ರೆ? ನನ್ ಬಿಟ್ಟು ಇರೋಕೆ ಆಗಲ್ಲ ಅವಳಿಗೆ, ಪಾಪ."

ಬಂದೆ ಅಮ್ಮ ಅಂದೆ.

ಜಗತ್ತಿನಲ್ಲಿ ಅಮ್ಮ ನಂಬಿರುವುದು ಅದೊಂದನ್ನೇ. ಅದನ್ನು ಒಡೆಯಲು ಸೊಲಾಂಜ್ ಹೇಳಿಹೋದ ಎರಡು ಮಾತು ಸಾಕು. ಆಮೇಲೆ ಅವಳಿಗೆ ನಾನೊಬ್ಬಳೇ. ಅವಸರ ಇಲ್ಲ. ಹಾಸಿಗೆಯ ಅಂಚಿಗೆ ಕೂತು, ಕೈ ಹಿಡಿದುಕೊಂಡು ನಿಧಾನವಾಗಿ ಹೇಳಬೇಕು. ಅದಕ್ಕೆ ಮೊದಲು ಪರದೆ ಪೂರ್ತಿ ಸರಿಸಿ, ಮುಖ ಚೆನ್ನಾಗಿ ಕಾಣುವ ಹಾಗೆ—