ಹೊಲಿಗೆ ಯಂತ್ರದ ಕಾಲಡಿಯ ನಾಣ್ಯ

ಚಿಕ್ಕಪ್ಪನಿಗೆ ನಮಸ್ಕಾರ. ಯುದ್ಧಕಾಲದಲ್ಲಿ ಚಿಲ್ಲರೆಗೆ ಬರ ಬಂದಾಗ ಫ್ರಾನ್ಸಿನ ಪುರಸಭೆಗಳು ತಾವೇ ಹೊರಡಿಸಿದ ನಾಣ್ಯಗಳಲ್ಲಿ ನಿಮಗೆ ಸಿಗದೆ ಉಳಿದಿದ್ದ ಆ ಎಂಟು ಮೂಲೆಯ ಅಲ್ಯೂಮಿನಿಯಂ ನಾಣ್ಯ ಕೊನೆಗೂ ಕಣ್ಣಿಗೆ ಬಿತ್ತು. ಕೈಗೆ ಬಂದಿಲ್ಲ. ನೀವು ವಿಳಾಸ ಕೊಟ್ಟಿದ್ದ ನಾಣ್ಯದ ವ್ಯಾಪಾರಿ ಹೋದ ವರ್ಷ ತೀರಿಕೊಂಡರಂತೆ. ಅದೇ ಅಂಗಡಿಯಲ್ಲಿ ಈಗ ಅವರ ಹೆಂಡತಿ ಬಟ್ಟೆ ಹೊಲಿಯುತ್ತಾರೆ. ಅವರ ಹೊಲಿಗೆ ಯಂತ್ರದ ಕುಂಟುಕಾಲಿನ ಕೆಳಗೆ ನಿಮ್ಮ ನಾಣ್ಯ ಅರ್ಧ ಹೊರಗೆ ಚಾಚಿಕೊಂಡಿತ್ತು. ಅದರ ಮೇಲಿನ ಊರಿನ ಹೆಸರೂ ಓದುವಂತಿತ್ತು.

"ಅಮ್ಮಾ, ಇದು ಸಿಗೋದೇ ಅಪರೂಪ," ಎಂದೆ.

"ಗೊತ್ತಪ್ಪಾ. ನಮ್ಮೋರೂ ಹಾಗೇ ಹೇಳ್ತಿದ್ರು. ಹೇಳ್ತಾ ಹೇಳ್ತಾನೇ ಅದನ್ನ ಅಲ್ಲಿ ತುರುಕಿದ್ರು," ಎಂದರು.

ಅಷ್ಟು ತಿಳಿದವರಿಗೆ ಒಂದು ರಟ್ಟಿನ ಚೂರು ಸಿಗಲಿಲ್ಲವೇ? ನನ್ನ ತಲೆ ಕೆಟ್ಟು ಗೊಬ್ಬರವಾಗಿದೆ. ಬೆಲೆ ಕೇಳಲು ಬಾಯಿ ತೆರೆದವನು "ಕೋಟಿನ ತೋಳು ಬಿಚ್ಚಿದೆ, ಹೊಲಿದುಕೊಡ್ತೀರಾ?" ಎಂದುಬಿಟ್ಟೆ. ಹೊಲಿದುಕೊಟ್ಟರು. ಯಂತ್ರ ಒಂದಿಷ್ಟೂ ಅಲುಗಲಿಲ್ಲ.

ನೆಗಡಿ ವಾಸಿಯಾಗಿದೆ, ಚಿಕ್ಕಮ್ಮನಿಗೆ ತಿಳಿಸಿ. ನಾಣ್ಯ ಕೇಳಲೋ ಬಿಡಲೋ, ಕಾರ್ಡು ತಲುಪಿದ ಕೂಡಲೇ ಫೋನ್ ಮಾಡಿ ಹೇಳಿ. ಅಲ್ಲಿಯವರೆಗೆ ಹರಿದ ಬಟ್ಟೆ ಹುಡುಕಿಕೊಂಡು ದಿನವೂ ಅಲ್ಲಿಗೇ ಹೋಗುತ್ತಿರುತ್ತೇನೆ.

ಜಾಗ ಮುಗಿಯಿತು.
ನಿಮ್ಮ ಅಣ್ಣನ ಮಗ