ನೀನು ಕೇಳದೆ ಬಿಟ್ಟ ಮನೆ

ನನ್ನ ಗೆಳತಿ ರೇಣುಕಾ,

ಸಂಶೋಧನಾ ಪ್ರಬಂಧಕ್ಕೆ ವಿಷಯ ಆರಿಸುವ ವಾರ ನೀನು ನನ್ನನ್ನು ಕಾಡಿಸಿದ್ದು ಅಷ್ಟಿಷ್ಟಲ್ಲ. ನಾನು ಬೆಳಿಗ್ಗೆ ಬಾದಾಮಿಯ ಗುಹೆಗಳು ಎಂದರೆ ಮಧ್ಯಾಹ್ನ ಬನಶಂಕರಿಯಲ್ಲಿ ರೊಟ್ಟಿ ಮಾರುವವರು ಎನ್ನುತ್ತಿದ್ದೆ. "ಏನ ನೀ, ಸೀರಿ ಅಂಗಡ್ಯಾಗ ಕುಂತಂಗ ಎಲ್ಲಾ ಬಿಚ್ಚಿಸಿ ನೋಡಾಕತ್ತಿ" ಎಂದು ವಿದ್ಯಾಗಿರಿಯ ಬಸ್ ಸ್ಟಾಪಿನಲ್ಲಿ ನೀನು ನಕ್ಕಿದ್ದೆ. ನಿನ್ನದು ಆಗಲೇ ನಿಶ್ಚಯವಾಗಿತ್ತು: ಇಳಕಲ್ಲಿನ ನಿಮ್ಮ ಓಣಿಯಲ್ಲಿ ಮಗ್ಗದ ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತಿಕೊಡುವ ಹೆಂಗಸರು. ಸೀರೆ ನೇಯ್ದವನ ಹೆಸರಾದರೂ ಯಾರೋ ಹೇಳುತ್ತಾರೆ, ಇವರದು ಯಾರೂ ಹೇಳುವುದಿಲ್ಲ ಎಂಬ ಸಿಟ್ಟು ನಿನಗೆ.

ಕಾಮಾಲೆಗೆ ಈಗಿನ ಕಾಲದಲ್ಲೂ ಯಾರಾದರೂ ಸಾಯುತ್ತಾರೇನೇ? ಊರಿಗೆ ಹೋಗಿ ಔಷಧ ಕುಡಿದು ವಾರದೊಳಗೆ ಬರುತ್ತೇನೆಂದು ಬ್ಯಾಗು ಹೆಗಲಿಗೇರಿಸಿದವಳು...

ನೀನು ಹೋದ ಮೇಲೆ ಒಂದು ದಿನ ಗೈಡ್ ಸರ್ ಕರೆದರು. ನನ್ನೊಬ್ಬಳದೇ ವಿಷಯ ಬಾಕಿ ಇತ್ತು. ಶನಿವಾರದೊಳಗೆ ಕೊಡದಿದ್ದರೆ ಈ ಸೆಮಿಸ್ಟರ್ ಹೋದ ಹಾಗೆಯೇ. "ಆಕಿ ವಿಷಯ ಖಾಲಿ ಉಳೀತಲ್ಲವಾ, ನೀನ ತಗೋ" ಎಂದರು. ಕೆಟ್ಟ ಮನುಷ್ಯರಲ್ಲ, ನಿನಗೂ ಗೊತ್ತು. ಆದರೂ ಮೈಯೆಲ್ಲ ಉರಿಯಿತು. ಹಾಸ್ಟೆಲಿನಲ್ಲಿ ನಿನ್ನ ಮಂಚಕ್ಕೆ ಬೇರೆಯವಳು ಹಾಸಿಗೆ ಹಾಸಿದಾಗಲೂ ಇಷ್ಟು ಸಂಕಟವಾಗಿರಲಿಲ್ಲ. ತೆಗೆದುಕೊಂಡರೆ ನಿನ್ನದನ್ನು ಕಿತ್ತುಕೊಂಡ ಹಾಗೆ. ಬಿಟ್ಟರೆ ನೀನು ರಜೆಯಲ್ಲೇ ಬಿಸಿಲಲ್ಲಿ ಓಣಿಯ ಮನೆಮನೆ ತಿರುಗಿ ಕೇಳಿದ್ದೆಲ್ಲ ದಂಡ. ನೀನೇ ಹೇಳು, ನಾನೇನು ಮಾಡಬೇಕಿತ್ತು?

ನಿಮ್ಮವ್ವನನ್ನೇ ಕೇಳಿಬಿಡೋಣವೆಂದು ಹುನಗುಂದದ ಮೇಲೆ ಇಳಕಲ್ಲಿಗೆ ಹೋಗುವ ಬಸ್ಸು ಹತ್ತಿದೆ. ಅವ್ವ ರಾಟೆಯ ಮುಂದೆ ಕುಳಿತು ಕಂಡಿಕೆ ಸುತ್ತುತ್ತಿದ್ದಳು. ಸೊರಗಿದ್ದಾಳೆ ರೇಣುಕಾ, ನಿನಗೆ ಸುಳ್ಳು ಹೇಳಲಾರೆ. ತಡವರಿಸುತ್ತ ವಿಷಯ ಹೇಳಿ, ನಾನು ಮುಂದುವರಿಸಲೇ ಎಂದು ಕೇಳಿದೆ. ಅವ್ವ ಕೈಯಲ್ಲಿದ್ದ ಕಂಡಿಕೆಯನ್ನು ಪೂರ್ತಿ ಸುತ್ತಿ ತೆಗೆದಿಟ್ಟಳು.

"ಓಣ್ಯಾಗಿನ ಮಂದಿನ್ನೆಲ್ಲಾ ಕೇಳ್ಯಾಳ. ಅವ್ವ ಮನ್ಯಾಗ ಇರ್ತಾಳ, ಯಾವಾಗರ ಕೇಳಿದ್ರಾತು ಅಂತ ನನ್ನ ಬಿಟ್ಟಾಳ. ನೀ ಕೇಳವಾ."

ಎಂಥ ಹುಚ್ಚಿಯೇ ನೀನು. ಎದುರುಮನೆಯವರ ಸೊಂಟನೋವನ್ನೂ ಬರೆದುಕೊಂಡವಳು ಹೆತ್ತವಳನ್ನು ಕೊನೆಗೆ ಇಟ್ಟುಕೊಂಡೆಯಲ್ಲ. ಮನೆಯವರು ಎಲ್ಲಿ ಹೋಗುತ್ತಾರೆ ಎಂದುಕೊಂಡೆ ನೀನು. ಹೋಗುವವಳು ನೀನೇ ಎಂದು ಯಾರಿಗೆ ಗೊತ್ತಿತ್ತು...

ನೀನು ಹಾಸ್ಟೆಲಿನಲ್ಲಿ ಬಿಟ್ಟುಹೋಗಿದ್ದ ಪ್ರಶ್ನಾವಳಿಯನ್ನೇ ತೆಗೆದು ಶುರು ಮಾಡಿದೆ. ಹೆಸರು, ವಯಸ್ಸು, ಯಾವಾಗಿನಿಂದ ಈ ಕೆಲಸ. ಆಮೇಲಿನದು ಮಕ್ಕಳೆಷ್ಟು ಎಂಬುದು. ಅದನ್ನು ದಾಟಿ ಕೂಲಿಯ ಪ್ರಶ್ನೆಗೆ ಹೋದೆ. ಅವ್ವ ಹತ್ತಿರ ಸರಿದು ನಾನು ಬಿಟ್ಟ ಸಾಲಿನ ಮೇಲೆ ಬೆರಳಿಟ್ಟಳು.

"ಇದನ್ಯಾಕ ಬಿಟ್ಟಿ? ಒಬ್ಬ ಮಗ, ಒಬ್ಬಾಕಿ ಮಗಳು ಅಂತ ಬರಿ."

ಹಾಗೆಯೇ ಬರೆದಿದ್ದೇನೆ. ಇರುವ ಮಕ್ಕಳನ್ನಷ್ಟೇ ಲೆಕ್ಕ ಹಿಡಿಯಬೇಕೆಂದು ಸರ್ ಹೇಳಬಹುದು. ಯಾರು ಹೇಳಿದರೂ ನಾನದನ್ನು ತಿದ್ದುವುದಿಲ್ಲ.

ನಿನ್ನ
ಶೈಲಾ