ಕೂಸಿನ ಆಟ, ನನ್ನ ಸುಳ್ಳು

ನರಸಿಂಹರಾಜಪುರ
೨೭-೧-೨೦೦೫, ಗುರುವಾರ

ಪ್ರೀತಿಯ ರಂಜನಾಳಿಗೆ ನಿನ್ನ ಅತ್ತಿಗೆ ಸೀತೆಯ ಆಶೀರ್ವಾದ.

ಇಲ್ಲಿ ಮೂವರೂ ಆರೋಗ್ಯ. ಕೂಸಿಗೆ ಸಣ್ಣ ಶೀತವಾಗಿತ್ತು, ಹೋಯಿತು. ತಮ್ಮ ಪ್ರದೀಪ ಜೆರಾಕ್ಸ್ ಅಂಗಡಿಗೆ ಹೋಗಿದ್ದಾನೆ. ಅಂಗಡಿಯ ಫೋನಿನಲ್ಲಿ, ಗಿರಾಕಿಗಳ ಎದುರು ಹೇಳುವ ಮಾತಲ್ಲ ಇದು. ಅದಕ್ಕೇ ಕಾಗದ.

ನರ್ಸರಿ ಟ್ರೈನಿಂಗ್ ಅರ್ಧಕ್ಕೇ ಬಿಟ್ಟು ಬಂದುಬಿಡುತ್ತೇನೆ, ಊರ ಮಕ್ಕಳಿಗೆಲ್ಲ ಆಟ ಕಲಿಸುವ ಮೊದಲು ನನ್ನ ಮಗಳಿಗೆ ತಾಯಿಯಾಗಬೇಕು ಎಂದು ನೀನು ಬರೆದದ್ದು ಕೈಸೇರಿ ಒಂಬತ್ತು ದಿನವಾಯಿತು. ಸಂಕ್ರಾಂತಿಗೆ ಬಂದಾಗ ನೀನು ಪೋಣಿಸಲು ತಂದ ಮರದ ಮಣಿಗಳನ್ನು ನಿಶ್ಚಿತಾ ನಿನ್ನ ಕೈಯಿಂದ ತೆಗೆದುಕೊಂಡು, ಓಡಿಬಂದು ನನ್ನ ಮಡಿಲಲ್ಲಿ ಕೂತಳು. ನೀನು ಎದ್ದು ಒಳಗೆ ಹೋಗಿ, ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೆ ತೊಳೆದೆ. ನಾನು ನೋಡಿದೆ, ನೋಡದವಳಂತೆ ಇದ್ದೆ.

ಈಗ ನಾನು ಒಪ್ಪಿಕೊಳ್ಳಬೇಕಾದ್ದು ಕೆಲವಿದೆ.

ನೀನು ಟ್ರೈನಿಂಗಿಗೆ ಹೋದ ಮೊದಲ ಎರಡು ತಿಂಗಳು ಬರೆದು ಕಳಿಸಿದ ಯಾವ ಆಟವನ್ನೂ ನಾನು ಆಡಿಸಲಿಲ್ಲ. ಆಡಿಸಿದೆ, ಕೂಸು ನಕ್ಕಿತು ಎಂದು ಬರೆದದ್ದೆಲ್ಲ ಸುಳ್ಳು. ಲೋಟದಿಂದ ಲೋಟಕ್ಕೆ ನೀರು ಸುರಿಯಲು ಬಿಡಿ ಎಂದು ನೀನು ಬರೆದಿದ್ದೆ. ಇಲ್ಲಿ ನಲ್ಲಿ ಬರುವುದೇ ದಿನ ಬಿಟ್ಟು ದಿನ. ಕೈಗೆ ಬಣ್ಣ ಹಚ್ಚಿ ಕಾಗದಕ್ಕೆ ಒತ್ತಿಸಿ ಎಂದೆ. ಆಮೇಲೆ ಗೋಡೆ ಒರೆಸುವವರು ಯಾರು? ಶೃಂಗೇರಿಯ ಲಾಡ್ಜಿನಲ್ಲಿ ಹನ್ನೊಂದು ವರ್ಷ ನಿಂತು ಅಡುಗೆ ಮಾಡಿದ ಮಂಡಿ ನನ್ನದು. ನೆಲದಲ್ಲಿ ಕೂತರೆ ಏಳಲು ಗೋಡೆ ಬೇಕು. ಕೂಸಿಗೆ ಟೀವಿ ಹಾಕಿ ಕೂರಿಸಿ, ಚಾಪೆಯ ಮೇಲೆ ಬಿದ್ದುಕೊಳ್ಳುತ್ತಿದ್ದೆ.

ಒಂದು ಮಧ್ಯಾಹ್ನ ಹೆಸರುಕಾಳು, ಅಲಸಂದೆ, ಕಡಲೆಯ ಡಬ್ಬಿಗಳು ಒಟ್ಟಿಗೆ ನನ್ನ ಕೈ ಜಾರಿ ಬಿದ್ದವು. ಹೆಕ್ಕಲು ಬಗ್ಗಲಾರದೆ ಅಲ್ಲೇ ಗೋಡೆಗೆ ಒರಗಿ ಕೂತವಳಿಗೆ ನಿದ್ದೆ ಬಂತು. ಎಚ್ಚರವಾದಾಗ ಕೂಸು ಮೂರು ತಟ್ಟೆ ಇಟ್ಟುಕೊಂಡು ಒಂದೊಂದೇ ಕಾಳು ಆರಿಸುತ್ತಿತ್ತು. ಟೀವಿಯ ಕಡೆ ತಿರುಗಿಯೂ ನೋಡಿರಲಿಲ್ಲ. ಮೂಗಿಗೋ ಬಾಯಿಗೋ ಹಾಕಿಕೊಂಡಿದೆಯೋ ಎಂದು ಅದರ ಬಾಯಿ ತೆರೆಸಿ ನೋಡಿದೆ. ಅದು ಮಾತ್ರ ಒಂದು ಹುಳುಕು ಅಲಸಂದೆ ಎತ್ತಿ ತೋರಿಸಿ, ಇದನ್ನು ಯಾವ ತಟ್ಟೆಗೆ ಹಾಕಲಿ ಎಂದು ಕೇಳಿತು. ನಾಲ್ಕನೆಯ ತಟ್ಟೆ ತಂದುಕೊಟ್ಟೆ.

ಆಮೇಲೆ ನಿನ್ನ ಹಳೆಯ ಕಾಗದಗಳನ್ನು ಹುಡುಕಿ ಮೊದಲಿನಿಂದ ಓದಿದೆ. ನಲ್ಲಿ ಬಂದ ದಿನ ನೀರಿನಾಟ. ಪ್ರದೀಪ ತಂದ ಹಾಳು ಜೆರಾಕ್ಸ್ ಹಾಳೆ ಹರಿದು, ಮೈದಾ ಅಂಟಿನಲ್ಲಿ ಅಂಟಿಸಿ ಒಂದು ಆನೆ ಮಾಡಿದೆವು. ಅದರ ಹೊಟ್ಟೆಯ ಮೇಲೆ ಯಾರದೋ ಪಹಣಿಯ ಅರ್ಧ ಹೆಸರು ಇದೆ. ಸಾಯಂಕಾಲಕ್ಕೆ ನನ್ನ ಸೊಂಟ ಕೈಕೊಡುತ್ತದೆ. ಆದರೂ ಬೆಳಗಾದರೆ ಈವತ್ತು ಎಂತ ಆಡಿಸಲಿ ಎಂದು ನಾನೇ ಯೋಚಿಸುತ್ತಿರುತ್ತೇನೆ. ನಿನ್ನಷ್ಟು ಓದಿದವಳಲ್ಲ, ಆದರೆ ಒಂದೆರಡು ಹೊಸ ಆಟ ನಾನೂ ಕಂಡುಹಿಡಿದಿದ್ದೇನೆ.

ಇನ್ನೊಂದನ್ನು ಬರೆಯಲು ಕೈ ಬರುತ್ತಿಲ್ಲ.

ಡಿಸೆಂಬರಿನಲ್ಲಿ ಒಂದು ದಿನ ಚಪಾತಿ ಹಿಟ್ಟಿನ ಉಂಡೆ ಕೊಟ್ಟು ಕೂರಿಸಿದ್ದೆ. ಕೂಸು ತಟ್ಟಿ ತಟ್ಟಿ ಒಂದು ಸಣ್ಣ ರೊಟ್ಟಿ ಮಾಡಿ, ಎರಡೂ ಕೈಯಲ್ಲಿ ಹಿಡಿದು ತಂದು, “ಅಮ್ಮಾ, ತಗ. ಬಿಸಿ ಇದ್ದು, ಊದ್ಕಂಡು ತಿನ್ನು” ಎಂದಿತು. ಅಲ್ಲಿ ಇದ್ದವಳು ನಾನೊಬ್ಬಳೇ. ಅತ್ತೆ ಎನ್ನು ಕೂಸೇ ಎಂದು ಆಗಲೇ ತಿದ್ದಬೇಕಿತ್ತು. ನಾನು “ಓ” ಎಂದೆ. ಊದಿಕೊಂಡು ತಿಂದೆ ಕೂಡ.

ಆಮೇಲೆ ದಿನವೂ ಓಗೊಟ್ಟೆ. ಮಗುವನ್ನು ಹೆರದ ಹೆಂಗಸು ನಾನು, ರಂಜನಾ. ಇದಕ್ಕಿಂತ ಹೆಚ್ಚಿಗೆ ಬರೆಯಲಾರೆ. ಒಮ್ಮೆ ಪ್ರದೀಪನ ಕಿವಿಗೂ ಬಿತ್ತು. “ಅಕ್ಕಾ, ಅದು ನಿಂಗೆ ಎಂತ ಹೇಳಿ ಕರೀತಾ ಇದ್ದು?” ಎಂದು ಕೇಳಿದ. ಆಟದಲ್ಲಿ ಹಾಗೆ ಎಂದೆ. ನೀನು ಸಂಕ್ರಾಂತಿಗೆ ಬಂದಾಗ ಕೂಸು ದೂರ ಸರಿದದ್ದು ನಿನ್ನ ತಪ್ಪಿನಿಂದಲ್ಲ.

ನಿನ್ನೆಯಿಂದ ತಿದ್ದುತ್ತಿದ್ದೇನೆ. ಅಮ್ಮಾ ಎಂದರೆ ಓಗೊಡುವುದಿಲ್ಲ. ಮೂರು ಸಲ ಕರೆಯಿತು. ಸೆರಗು ಎಳೆಯಿತು. ನನಗೆ ಕಿವಿ ಕೇಳುವುದಿಲ್ಲವೇನೋ ಎಂಬಂತೆ ಮುಖಕ್ಕೆ ಮುಖ ತಂದು ನೋಡಿತು. ಕೊನೆಗೆ ಸಣ್ಣ ದನಿಯಲ್ಲಿ “ಅತ್ತೆ” ಎಂದಿತು. ಆಗ ಓ ಎಂದೆ. ನಿನ್ನೆಯ ದಿನದಷ್ಟು ಉದ್ದದ ದಿನ ಲಾಡ್ಜಿನ ಒಲೆಯ ಮುಂದೆಯೂ ನಾನು ಕಳೆದಿರಲಿಲ್ಲ.

ನೀನು ಬಿಟ್ಟು ಬರಬೇಡ. ಇನ್ನು ಮೂರೇ ತಿಂಗಳು. ಈ ಭಾನುವಾರ ವಾಸಪ್ಪ ಕಂಡಕ್ಟರ್ ಆಗಿರುವ ಬೆಳಗಿನ ಬಸ್ಸಿಗೆ ಕೂಸನ್ನು ಕರೆದುಕೊಂಡು ಶಿವಮೊಗ್ಗಕ್ಕೆ ಬರುತ್ತೇನೆ. ಹಾಸ್ಟೆಲ್ಲಿನ ಬಾಗಿಲಲ್ಲಿ ಅದರ ಕೈಯನ್ನು ನಿನ್ನ ಕೈಗೆ ಕೊಟ್ಟು ಹೊರಟುಬಿಡುತ್ತೇನೆ. ಸಂಜೆ ನಾಲ್ಕರವರೆಗೆ ಆ ಕಡೆ ಸುಳಿಯುವುದಿಲ್ಲ. ಅದು ಅಳುತ್ತದೆ, ರಂಜನಾ. ನಿನ್ನನ್ನು ದೂಡಲೂಬಹುದು. ನನ್ನನ್ನು ಹುಡುಕಿಸಬೇಡ. ನೀರು ಕೊಡು, ಎರಡು ಲೋಟ ಕೊಡು, ಪಕ್ಕದಲ್ಲಿ ಸುಮ್ಮನೆ ಕೂತಿರು. ನಿನ್ನ ಮೊದಲ ಕಾಗದದಲ್ಲಿ ನೀನೇ ನನಗೆ ಬರೆದ ಪಾಠ ಇದು. ಪ್ರತಿ ಭಾನುವಾರ ಹೀಗೇ. ನಾನು ಬಸ್ ಸ್ಟ್ಯಾಂಡಿನ ಬೆಂಚಿನ ಮೇಲೆ ಕೂತು ನಿದ್ದೆ ಮಾಡುತ್ತೇನೆ. ನನಗೆ ನಿದ್ದೆಯೂ ಬೇಕಾಗಿದೆ.

ಬಯ್ಯುವುದಿದ್ದರೆ ಕೂಸಿನ ಎದುರು ಬೇಡ.

ಇತಿ, ದಣಿದಿರುವ ನಿನ್ನ ಅತ್ತಿಗೆ,
ಸೀತೆ

ಮ.ವಿ.: ಉತ್ತರ ಬರೆಯಲು ಒಂಬತ್ತು ದಿನ ಹಿಡಿದದ್ದು ಕೆಲಸದಿಂದಲ್ಲ. ನೀನು ಬರುತ್ತೀ ಎಂದು ಓದಿದ ಕೂಡಲೇ ನನಗಾದದ್ದು ಹೆದರಿಕೆ. ಕೂಸನ್ನು ನೋಡಿಕೊಳ್ಳಲೆಂದು ಬಿಟ್ಟುಬಂದ ಲಾಡ್ಜಿನಲ್ಲಿ ನನ್ನ ಜಾಗಕ್ಕೆ ಬೇರೆಯವರು ಬಂದಾಗಿದೆ. ಬರಬೇಡ ಎಂದು ಎರಡು ಸಲ ಬರೆದೆ. ನಿನ್ನ ಓದಿಗಾಗಿ ಬರೆದೆನೋ ನನಗಾಗಿ ಬರೆದೆನೋ ತಿಳಿಯದೆ ಎರಡನ್ನೂ ಹರಿದೆ. ಈಗಲೂ ಪೂರ್ತಿ ತಿಳಿದಿಲ್ಲ. ಆದ್ದರಿಂದ ಭಾನುವಾರ ಕೂಸನ್ನು ನಿನ್ನ ಕೈಗೆ ಕೊಟ್ಟ ಮೇಲೆ, ಅಲ್ಲೇ ಇದ್ದು ಓದು ಮುಗಿಸುವುದೋ ಬಿಟ್ಟು ಬರುವುದೋ ನೀನೇ ಹೇಳು. ನೀನು ಹೇಳಿದ ಹಾಗೇ ಆಗಲಿ.